ಅಜಾರಾ: ಕಪ್ಪು ಸಮುದ್ರದ ದಂಡೆಯಲ್ಲಿ ಒಂದು ಪಯಣ

ಟರ್ಕಿಯ ಹೋಪಾ ಪಟ್ಟಣದಿಂದ ಕಪ್ಪು ಸಮುದ್ರವನ್ನು ಎಡಕ್ಕಿಟ್ಟುಕೊಂಡು ಹೊರಟರೆ ಅರ್ಧ ಗಂಟೆಯೊಳಗೆ ರಸ್ತೆ ಒಂದು ಗಡಿಗೆ ಬಂದು ನಿಲ್ಲುತ್ತದೆ. ಗಡಿಯ ಈಚೆಗೆ ಸಾರ್ಪ್, ಆಚೆಗೆ ಸಾರ್ಪಿ. ಹೆಸರಿನಲ್ಲಿ ಒಂದು ಅಕ್ಷರದ ವ್ಯತ್ಯಾಸವಿದೆಯೆಂದು ಎರಡು ಊರು ಎಂದುಕೊಳ್ಳಬೇಡಿ. ಇದು ಒಂದೇ ಹಳ್ಳಿ. ಮಧ್ಯದಲ್ಲಿ ಒಂದು ಸಣ್ಣ ತೊರೆ ಹರಿಯುತ್ತದೆ. 1921ರಲ್ಲಿ ದೂರದ ಊರುಗಳಲ್ಲಿ ಕುಳಿತ ಅಧಿಕಾರಿಗಳು ಆ ತೊರೆಯನ್ನೇ ಎರಡು ದೇಶಗಳ ಗಡಿ ಎಂದು ತೀರ್ಮಾನಿಸಿದರು. ಅಣ್ಣನ ಮನೆ ಟರ್ಕಿಗೆ ಸೇರಿತು, ತಮ್ಮನ ಮನೆ ಸೋವಿಯೆತ್ ಜಾರ್ಜಿಯಾಕ್ಕೆ ಸೇರಿತು.

ಮೊದಲ ಕೆಲವು ವರ್ಷ ಜನರು ಹೇಗೋ ಓಡಾಡಿಕೊಂಡಿದ್ದರು. 1937ರಲ್ಲಿ ಗಡಿ ಪೂರ್ತಿಯಾಗಿ ಮುಚ್ಚಿತು. ಆ ಮೇಲೆ ಐವತ್ತು ವರ್ಷ ತೊರೆಯ ಎರಡು ದಂಡೆಗಳ ಜನರು ಪರಸ್ಪರ ಕೈ ಬೀಸುವುದೂ ಅಪರಾಧವಾಯಿತು. ಇಲ್ಲಿನವರು ಲಾಝ್ ಜನಾಂಗದವರು, ಅವರ ಮಾತು ಲಾಝುರಿ. ಆಚೆ ದಂಡೆಯಲ್ಲಿ ಯಾರಾದರೂ ತೀರಿಕೊಂಡರೆ, ಹೆಂಗಸರು ಗಟ್ಟಿಯಾಗಿ ಶೋಕಗೀತೆ ಹಾಡುವಾಗ ಅದರ ನಡುವೆಯೇ ಯಾರು ಸತ್ತರು, ಯಾರ ಮದುವೆಯಾಯಿತು ಎಂಬ ಸುದ್ದಿಯನ್ನೂ ಸೇರಿಸಿ ಹಾಡುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಕಾವಲುಗಾರರಿಗೆ ಲಾಝುರಿ ಬರುತ್ತಿರಲಿಲ್ಲ. 1988ರ ಆಗಸ್ಟ್ 31ರಂದು ಗಡಿ ಮತ್ತೆ ತೆರೆಯಿತು. ಈಗ ಅಲ್ಲಿ 2011ರಲ್ಲಿ ಕಟ್ಟಿದ, ಬಿಳಿ ಅಲೆಯೊಂದು ಎದ್ದು ನಿಂತಂತೆ ಕಾಣುವ ಸುಂಕದ ಕಟ್ಟಡವಿದೆ. ಕಟ್ಟಡ ಚೆಂದವಾಗಿದೆ. ಅದರ ಕೆಳಗೆ ಲಾರಿಗಳು ಕಿಲೋಮೀಟರುಗಟ್ಟಲೆ ಸಾಲು ನಿಲ್ಲುತ್ತವೆ.

ಈ ಗಡಿಯನ್ನು ದಾಟಿದರೆ ಅಜಾರಾ. ಜಾರ್ಜಿಯಾ ದೇಶದ ನೈಋತ್ಯ ಮೂಲೆಯಲ್ಲಿರುವ ಸ್ವಾಯತ್ತ ಪ್ರಾಂತ. ವಿಸ್ತಾರ ಮೂರು ಸಾವಿರ ಚದರ ಕಿಲೋಮೀಟರಿಗೂ ಕಡಿಮೆ. 2014ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 3,33,953. ಅದರಲ್ಲಿ ಶೇ. 39.8ರಷ್ಟು ಮುಸ್ಲಿಮರು. ಇವರು ಹೊರಗಿನಿಂದ ವಲಸೆ ಬಂದವರಲ್ಲ, ತುರ್ಕರೂ ಅಲ್ಲ. ಭಾಷೆ ಜಾರ್ಜಿಯನ್, ಮನೆತನದ ಹೆಸರು ಜಾರ್ಜಿಯನ್, ಊಟ ಜಾರ್ಜಿಯನ್. ಧರ್ಮ ಮಾತ್ರ ಇಸ್ಲಾಮ್. ಕ್ರೈಸ್ತ ಧರ್ಮವನ್ನು ನಾಲ್ಕನೆಯ ಶತಮಾನದಲ್ಲೇ ಸ್ವೀಕರಿಸಿದ, ಧ್ವಜದಲ್ಲಿ ಐದು ಶಿಲುಬೆಗಳನ್ನು ಇಟ್ಟುಕೊಂಡಿರುವ ದೇಶದಲ್ಲಿ ಇವರ ಸ್ಥಾನ ಯಾವುದು? ಇನ್ನೂರು ವರ್ಷಗಳಿಂದ ಹಲವರು ಇವರನ್ನು ಈ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ. ಉತ್ತರ ಕೊಡುವ ಅವಕಾಶ ಇವರಿಗೆ ಸಿಕ್ಕಿದ್ದು ಬಹಳ ಕಡಿಮೆ.

ರೋಮನ್ನರ ಕೋಟೆಯಲ್ಲಿ

ಸಾರ್ಪಿಯಿಂದ ಕೆಲವೇ ಕಿಲೋಮೀಟರ್ ಮುಂದೆ ಗೋನಿಯೊ ಕೋಟೆ ಸಿಗುತ್ತದೆ. ಸಮುದ್ರದ ಪಕ್ಕದಲ್ಲೇ, ಹೆಚ್ಚುಕಡಿಮೆ ಚೌಕಾಕಾರದ, ಇಂದಿಗೂ ನೆಟ್ಟಗೆ ನಿಂತಿರುವ ಕಲ್ಲಿನ ಗೋಡೆ. ರೋಮನ್ನರು ಇದನ್ನು ಅಪ್ಸಾರೋಸ್ ಎಂದು ಕರೆಯುತ್ತಿದ್ದರು. ಕ್ರಿಸ್ತಶಕ ಒಂದನೆಯ ಶತಮಾನದ ಪ್ಲಿನಿ ತನ್ನ ಗ್ರಂಥದಲ್ಲಿ ಇದರ ಹೆಸರು ಹೇಳುತ್ತಾನೆ. ಸುಮಾರು ಕ್ರಿ.ಶ. 131ರಲ್ಲಿ ಕಪ್ಪದೋಕಿಯಾ ಪ್ರಾಂತದ ರೋಮನ್ ಅಧಿಕಾರಿಯೊಬ್ಬ ಹಡಗಿನಲ್ಲಿ ಇಲ್ಲಿಗೆ ಬಂದು ತಪಾಸಣೆ ನಡೆಸಿ ಚಕ್ರವರ್ತಿ ಹೇಡ್ರಿಯನ್‌ಗೆ ವರದಿ ಕಳಿಸಿದ. ಇಲ್ಲಿ ಐದು ತುಕಡಿ ಸೈನಿಕರಿದ್ದರು, ಅವರಿಗೆ ಸಂಬಳ ಹಂಚಿದೆ, ಆಯುಧಗಳನ್ನೂ ಗೋಡೆ ಕಂದಕಗಳನ್ನೂ ನೋಡಿದೆ, ಕಾಯಿಲೆ ಬಿದ್ದವರನ್ನು ವಿಚಾರಿಸಿದೆ ಎಂದು ಅದರಲ್ಲಿ ಬರೆದಿದ್ದಾನೆ. ಆ ಅಧಿಕಾರಿಯ ಹೆಸರು ಏರಿಯನ್. ಭಾರತದ ಇತಿಹಾಸ ಓದಿದವರಿಗೆ ಈ ಹೆಸರು ಗೊತ್ತಿದ್ದೀತು. ಅಲೆಕ್ಸಾಂಡರನ ದಂಡಯಾತ್ರೆಯ ಚರಿತ್ರೆಯನ್ನೂ ಭಾರತದ ಬಗ್ಗೆ 'ಇಂಡಿಕಾ' ಎಂಬ ಕೃತಿಯನ್ನೂ ಬರೆದವನು ಇವನೇ. ಭಾರತವನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಗೋನಿಯೊವನ್ನು ಕಂಡಿದ್ದ.

ಗ್ರೀಕರ ಕತೆಯಲ್ಲಿ ಬರುವ ಕೋಲ್ಕಿಸ್ ರಾಜ್ಯ ಇದೇ ಕರಾವಳಿ. ಚಿನ್ನದ ಉಣ್ಣೆಯನ್ನು ಹುಡುಕಿಕೊಂಡು ಜೇಸನ್ ಹಡಗೇರಿ ಬಂದದ್ದು, ರಾಜಕುಮಾರಿ ಮೆಡಿಯಾ ತನ್ನ ತಂದೆಗೆ ಎದುರಾಗಿ ಅವನೊಂದಿಗೆ ಹೊರಟದ್ದು ಇಲ್ಲಿಂದ. ಬೆನ್ನಟ್ಟಿ ಬಂದ ಅವಳ ತಮ್ಮ ಅಪ್ಸಿರ್ತೋಸ್ ಕೊಲೆಯಾದ ಜಾಗವೇ ಅಪ್ಸಾರೋಸ್ ಎಂದೂ ಅವನ ಗೋರಿಯನ್ನು ಅಲ್ಲಿ ತೋರಿಸುತ್ತಾರೆಂದೂ ಏರಿಯನ್ ಬರೆಯುತ್ತಾನೆ. ಈಗ ಅದೇ ಕೋಟೆಯೊಳಗೆ ಈಸಾ ಅವರ ಶಿಷ್ಯ ಮತ್ತಿಯಾಸ್ ಅವರ ಸಮಾಧಿ ಎಂದು ಒಂದು ಜಾಗವನ್ನು ತೋರಿಸುತ್ತಾರೆ. ಹದಿನಾರನೆಯ ಶತಮಾನದ ನಡುವಿನಲ್ಲಿ ಕೋಟೆ ಉಸ್ಮಾನೀಯರ ಕೈಗೆ ಬಂತು. ಅವರು ಗೋಡೆಗಳನ್ನು ದುರಸ್ತಿ ಮಾಡಿಸಿ ಎತ್ತರಿಸಿದರು. ಕೆಳಗಿನ ಕಲ್ಲುಗಳ ಬಣ್ಣ ಬೇರೆ, ಮೇಲಿನದು ಬೇರೆ. ನೋಡುವ ಕಣ್ಣಿದ್ದರೆ ಇಡೀ ಅಜಾರಾದ ಚರಿತ್ರೆಯನ್ನು ಈ ಒಂದು ಗೋಡೆಯಲ್ಲೇ ಓದಬಹುದು.

ಉಸ್ಮಾನೀಯರು ಬಂದ ಮಾತ್ರಕ್ಕೆ ಅಜಾರಾ ಒಂದೇ ದಿನದಲ್ಲಿ ಮುಸ್ಲಿಮ್ ಆಗಲಿಲ್ಲ. ಅದು ಹದಿನೇಳು, ಹದಿನೆಂಟನೆಯ ಶತಮಾನಗಳುದ್ದಕ್ಕೂ ನಿಧಾನವಾಗಿ ನಡೆದ ಬದಲಾವಣೆ. ಮೊದಲು ಭೂಮಿ ಮತ್ತು ಅಧಿಕಾರವನ್ನು ಉಳಿಸಿಕೊಳ್ಳಬೇಕಿದ್ದ ಬೇಗ್‌ಗಳು, ಆಮೇಲೆ ತೆರಿಗೆಯ ಭಾರ ಹೊತ್ತ ರೈತರು, ಮುಂದೆ ಮದ್ರಸಗಳಲ್ಲಿ ಕಲಿತ ಅವರ ಮಕ್ಕಳು. ಬಲವಂತದಿಂದ ಆಯಿತು ಎಂದು ಜಾರ್ಜಿಯಾದ ಶಾಲಾ ಪುಸ್ತಕಗಳು ಹೇಳುತ್ತಾ ಬಂದಿವೆ. ಬರೀ ಮನಪರಿವರ್ತನೆಯಿಂದ ಆಯಿತು ಎಂದು ಹೇಳುವ ನಮ್ಮವರೂ ಇದ್ದಾರೆ. ಎರಡೂ ಅರ್ಧ ಸತ್ಯಗಳೇ. ಯಾವ ದಾರಿಯಿಂದ ಬಂದಿದ್ದರೂ ಅದು ಮೊಮ್ಮಕ್ಕಳ ಕಾಲಕ್ಕೆ ಅವರ ಸ್ವಂತ ಧರ್ಮವಾಗಿತ್ತು, ಮುಂದಿನ ಚರಿತ್ರೆ ಅದಕ್ಕೆ ಸಾಕ್ಷಿ. ಭಾಷೆ ಮಾತ್ರ ಬದಲಾಗಲಿಲ್ಲ. 1874ರಲ್ಲಿ, ಅಂದರೆ ಉಸ್ಮಾನೀಯರ ಕೊನೆಯ ದಿನಗಳಲ್ಲಿ, ರಷ್ಯದ ಸೇನೆಯಲ್ಲಿದ್ದ ಜಾರ್ಜಿಯನ್ ಅಧಿಕಾರಿ ಗಿಯೋರ್ಗಿ ಕಾಝ್ಬೆಗಿ ಇಲ್ಲಿ ಸುತ್ತಾಡಿದಾಗ ಜನರು ಮನೆಮನೆಯಲ್ಲಿ ಜಾರ್ಜಿಯನ್ ಭಾಷೆಯನ್ನೇ ಆಡುತ್ತಿದ್ದುದನ್ನು ಕಂಡ. ಅವನು ಬಂದದ್ದು ಪ್ರವಾಸಕ್ಕಲ್ಲ. ಮೂರು ವರ್ಷಗಳ ನಂತರ ನಡೆಯಲಿದ್ದ ಯುದ್ಧಕ್ಕೆ ದಾರಿ, ಸೇತುವೆ, ಕಣಿವೆಗಳ ಲೆಕ್ಕ ಬೇಕಿತ್ತು. ಆ ಕಾಲದ ಬಹಳಷ್ಟು ಪ್ರವಾಸಕಥನಗಳ ಹಿಂದೆ ಇಂಥದೊಂದು ಲೆಕ್ಕ ಇರುತ್ತದೆ.

ಒಂದು ಬಂದರಿಗಾಗಿ

ಗೋನಿಯೊದಿಂದ ಚೊರೋಖ್ ನದಿಯ ಸೇತುವೆ ದಾಟಿದರೆ ಬಟೂಮಿ. ಗ್ರೀಕ್ ಭಾಷೆಯಲ್ಲಿ 'ಬಾಥಿಸ್' ಅಂದರೆ ಆಳ. ಹಡಗುಗಳು ದಡದ ಹತ್ತಿರದವರೆಗೂ ಬರಬಲ್ಲ ಆಳವಾದ ಬಂದರು ಎಂಬುದೇ ಊರಿನ ಹೆಸರು, ಊರಿನ ಅದೃಷ್ಟ, ಊರಿನ ದುರದೃಷ್ಟ ಎಲ್ಲವೂ.

1877-78ರ ಯುದ್ಧದಲ್ಲಿ ರಷ್ಯದ ಸೇನೆ ಬಟೂಮಿಯನ್ನು ಗೆಲ್ಲಲು ಬಹಳ ಪ್ರಯತ್ನಿಸಿತು. ದರ್ವೀಶ್ ಪಾಶಾನ ಪಡೆಯೂ ಸ್ಥಳೀಯ ಅಜಾರಿಯನ್ನರೂ ಸೇರಿ ಅದನ್ನು ತಡೆದರು. ಯುದ್ಧಭೂಮಿಯಲ್ಲಿ ಸೋಲದ ಊರನ್ನು ಮೇಜಿನ ಮೇಲೆ ಕಳೆದುಕೊಳ್ಳಬೇಕಾಯಿತು. ಯುದ್ಧ ಬೇರೆಡೆಗಳಲ್ಲಿ ಸೋತಿತ್ತು. ಸಾನ್ ಸ್ಟೆಫಾನೋ ಒಪ್ಪಂದದಲ್ಲಿ ಸುಲ್ತಾನರು ಬಟೂಮಿಯನ್ನು ಬಿಟ್ಟುಕೊಟ್ಟರು, ಜುಲೈ 1878ರ ಬರ್ಲಿನ್ ಒಪ್ಪಂದ ಅದನ್ನು ಖಾಯಂ ಮಾಡಿತು.

ಈ ಸಣ್ಣ ಬಂದರಿನ ಬಗ್ಗೆ ಲಂಡನ್ನಿನಲ್ಲಿ ನಿದ್ದೆಗೆಟ್ಟವರಿದ್ದರು. ರಷ್ಯ ಇಲ್ಲಿ ಕಾಲೂರಿದರೆ ನಾಳೆ ಏಷ್ಯಾದ ದಾರಿ, ನಾಡಿದ್ದು ಹಿಂದೂಸ್ಥಾನ ಎಂಬುದು ಪ್ರಧಾನಿ ಡಿಸ್ರೇಲಿಯವರ ಭಯ. ಆ ವಸಂತದಲ್ಲಿ ಅವರು ಮುಂಬಯಿಯಿಂದ ಸುಮಾರು ಏಳು ಸಾವಿರ ಭಾರತೀಯ ಸೈನಿಕರನ್ನು ಹಡಗಿನಲ್ಲಿ ಮಾಲ್ಟಾ ದ್ವೀಪಕ್ಕೆ ತರಿಸಿದರು. ರಷ್ಯಕ್ಕೆ ಹೆದರಿಕೆ ಹುಟ್ಟಿಸಲು. ಜೂನ್ 4ರಂದು ಬ್ರಿಟನ್ ಸುಲ್ತಾನರೊಂದಿಗೆ ಇನ್ನೊಂದು ರಹಸ್ಯ ಒಪ್ಪಂದ ಮಾಡಿಕೊಂಡಿತು. ಬಟೂಮಿ, ಅರ್ದಹಾನ್, ಕಾರ್ಸ್ ರಷ್ಯದ ಕೈಯಲ್ಲಿ ಉಳಿದರೆ, ಅದು ಇನ್ನೂ ಮುಂದೆ ಬಾರದಂತೆ ನಾವು ರಕ್ಷಣೆ ಕೊಡುತ್ತೇವೆ, ಅದಕ್ಕೆ ಪ್ರತಿಯಾಗಿ ಸೈಪ್ರಸ್ ದ್ವೀಪ ನಮ್ಮ ಆಡಳಿತಕ್ಕೆ ಬರಬೇಕು. ಸೈಪ್ರಸ್ ಕೈಸೇರಿತು. ಬಟೂಮಿಗೆ ಬಂದ ರಷ್ಯವನ್ನು ಯಾರೂ ತಡೆಯಲಿಲ್ಲ. ಗೆಳೆತನದ ಬೆಲೆ ಎಂದರೆ ಇದು. ಅಜಾರಾದ ರೈತನೊಬ್ಬನ ಜಮೀನಿಗೂ ಸೈಪ್ರಸ್ಸಿನ ಭವಿಷ್ಯಕ್ಕೂ ಮುಂಬಯಿಯಿಂದ ಹೊರಟ ಸಿಪಾಯಿಗೂ ಒಂದೇ ದಾರ ಕಟ್ಟಲಾಗಿತ್ತು, ಮೂವರಿಗೂ ಅದು ಗೊತ್ತಿರಲಿಲ್ಲ.

ಬಟೂಮಿ ಮುಕ್ತ ಬಂದರಾಗಿರುತ್ತದೆ ಎಂದು ಬರ್ಲಿನ್ನಿನಲ್ಲಿ ರಷ್ಯ ಮಾತು ಕೊಟ್ಟಿತ್ತು. ಎಂಟು ವರ್ಷವಾಗುತ್ತಲೇ, 1886ರಲ್ಲಿ, ಆ ಮಾತನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ 1883ರಲ್ಲಿ ಬಾಕುವಿನಿಂದ ರೈಲು ಬಂದಿತ್ತು. ಅದರೊಂದಿಗೆ ಎಣ್ಣೆ ಬಂತು. ನೊಬೆಲ್ ಸಹೋದರರು, ಪ್ಯಾರಿಸ್ಸಿನ ರಾಥ್‌ಚೈಲ್ಡ್‌ಗಳು ಇಲ್ಲಿ ಟ್ಯಾಂಕುಗಳನ್ನು ಕಟ್ಟಿಸಿದರು, ತಗಡಿನ ಡಬ್ಬ ಮಾಡುವ ಕಾರ್ಖಾನೆಗಳನ್ನು ತೆರೆದರು. ನಮ್ಮ ಅಜ್ಜಿಯಂದಿರು 'ಸೀಮೆಎಣ್ಣೆ' ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಅದು ಸೀಮೆಯಿಂದ, ಪರದೇಶದಿಂದ ಬಂದ ಎಣ್ಣೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭಾರತಕ್ಕೆ ಬರುತ್ತಿದ್ದ ಸೀಮೆಎಣ್ಣೆಯಲ್ಲಿ ದೊಡ್ಡ ಪಾಲು ಬಾಕುವಿನದು, ಅದು ಹಡಗೇರುತ್ತಿದ್ದುದು ಬಟೂಮಿಯಲ್ಲಿ. 1892ರಲ್ಲಿ ಮ್ಯೂರೆಕ್ಸ್ ಎಂಬ ಹಡಗು ಡಬ್ಬಗಳ ಬದಲು ತನ್ನ ಹೊಟ್ಟೆಯ ತೊಟ್ಟಿಗಳಲ್ಲೇ ಎಣ್ಣೆ ತುಂಬಿಸಿಕೊಂಡು ಬಟೂಮಿಯಿಂದ ಹೊರಟು ಸೂಯೆಜ್ ಕಾಲುವೆ ದಾಟಿ ಸಿಂಗಾಪುರ ತಲುಪಿತು. ಮುಂದೆ ಶೆಲ್ ಎಂದು ಜಗತ್ತಿಗೆ ಪರಿಚಿತವಾದ ಕಂಪೆನಿಯ ಆರಂಭ ಆ ಪ್ರಯಾಣದಲ್ಲಿದೆ.

ಆ ಡಬ್ಬಗಳನ್ನು ಮಾಡುತ್ತಿದ್ದ ಕಾರ್ಮಿಕರ ಸ್ಥಿತಿ ಹೇಗಿತ್ತೆಂದರೆ, 1902ರ ಮಾರ್ಚ್‌ನಲ್ಲಿ ಅವರು ಬೀದಿಗಿಳಿದಾಗ ಸೈನಿಕರು ಗುಂಡು ಹಾರಿಸಿ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಮುಷ್ಕರದ ಹಿಂದಿದ್ದವನು ಇಪ್ಪತ್ತಮೂರರ ಒಬ್ಬ ತರುಣ. ಊರ ಹೊರಗಿನ ಮಖಿಂಜೌರಿಯಲ್ಲಿ ಒಬ್ಬ ವಯಸ್ಸಾದ ಮುಸ್ಲಿಮ್ ರೈತನ ಮನೆಯಲ್ಲಿ ಅವನ ಗುಪ್ತ ಮುದ್ರಣಯಂತ್ರ ಇತ್ತು. ಕರಪತ್ರಗಳು ತರಕಾರಿ ಬುಟ್ಟಿಗಳ ಅಡಿಯಲ್ಲಿ ಪೇಟೆಗೆ ಹೋಗುತ್ತಿದ್ದವು. ಆ ತರುಣ ಮುಂದೆ ಸ್ಟಾಲಿನ್ ಎಂಬ ಹೆಸರಿನಿಂದ ಪ್ರಸಿದ್ಧನಾದ. ಅವನಿಗೆ ಮನೆಯಲ್ಲಿ ಜಾಗ ಕೊಟ್ಟ ಸಮುದಾಯದ ಮಸೀದಿಗಳೆಲ್ಲ ಅವನ ಆಳ್ವಿಕೆಯಲ್ಲಿ ಬಾಗಿಲು ಹಾಕಿದವು.

ಹೋದವರು, ಉಳಿದವರು

ಬರ್ಲಿನ್ ಒಪ್ಪಂದದ ನಂತರ ಮುಸ್ಲಿಮರಿಗೆ ಮೂರು ವರ್ಷದ ಗಡುವು ಕೊಡಲಾಯಿತು. ಬೇಕಾದರೆ ಆಸ್ತಿ ಮಾರಿ ಉಸ್ಮಾನೀ ನಾಡಿಗೆ ಹೋಗಬಹುದು. ರಷ್ಯದ ಅಧಿಕಾರಿಗಳಿಗೆ ಇವರು ಹೋದರೆ ಒಳ್ಳೆಯದೇ ಎಂದಿತ್ತು, ಖಾಲಿಯಾದ ಜಮೀನಿಗೆ ತಮಗೆ ನಂಬಿಕೆಯ ಜನರನ್ನು ತರಬಹುದಿತ್ತು. ಆಚೆಗೆ ಉಸ್ಮಾನೀಯರಿಗೂ ಜನ ಬೇಕಿದ್ದರು. ಊರಿನಲ್ಲಿ ಉಳಿದರೆ ಮಕ್ಕಳನ್ನು ಝಾರನ ಸೈನ್ಯಕ್ಕೆ ಎಳೆದೊಯ್ಯುತ್ತಾರೆ, ಖಾಝಿಯ ನ್ಯಾಯ ಹೋಗಿ ಕಾಫಿರನ ನ್ಯಾಯ ಬರುತ್ತದೆ ಎಂಬ ಭಯ ಹಬ್ಬಿತು. ಹತ್ತಾರು ಸಾವಿರ ಜನರು ಮನೆ, ತೋಟ, ಕಬರ್‌ಸ್ಥಾನ ಬಿಟ್ಟು ಹೊರಟರು. ಅಜಾರಾದ ಜನ ಇಂದಿಗೂ ಅದನ್ನು 'ಮುಹಾಜಿರೋಬಾ' ಎಂದೇ ಕರೆಯುತ್ತಾರೆ. ಅರಬಿಯ ಮುಹಾಜಿರ್ ಪದಕ್ಕೆ ಜಾರ್ಜಿಯನ್ ಪ್ರತ್ಯಯ ಸೇರಿಸಿದ ಪದ. ಓರ್ದು, ಫಾತ್ಸಾ, ಇನೆಗೋಲ್ ಮುಂತಾದ ಕಡೆಗಳಲ್ಲಿ ಅವರ ವಂಶದವರು ಈಗಲೂ ಇದ್ದಾರೆ. ಕೆಲವು ಹಳ್ಳಿಗಳಲ್ಲಿ ಮನೆಯೊಳಗೆ ಜಾರ್ಜಿಯನ್ ಮಾತು ಇನ್ನೂ ಉಳಿದಿದೆ.

ಉಳಿದವರ ಕತೆಯೂ ಸುಲಭದ್ದಲ್ಲ. ಆಗಿನ ಜಾರ್ಜಿಯನ್ ಬಳಕೆಯಲ್ಲಿ 'ಜಾರ್ಜಿಯನ್' ಅಂದರೆ ಕ್ರೈಸ್ತ ಎಂದೇ ಅರ್ಥ. ಮುಸ್ಲಿಮನಾದವನು 'ತಾತಾರ'. ಸ್ವತಃ ಅಜಾರಿಯನ್ನರೂ ತಮ್ಮನ್ನು ಜಾರ್ಜಿಯನ್ ಎಂದು ಹೇಳಿಕೊಳ್ಳುತ್ತಿರಲಿಲ್ಲ. ಈ ಸಮೀಕರಣವನ್ನು ಬಹಿರಂಗವಾಗಿ ಪ್ರಶ್ನಿಸಿದ ಮೊದಲಿಗರಲ್ಲಿ ಸಾಹಿತಿ ಇಲಿಯಾ ಚಾವ್‌ಚಾವಾದ್ಜೆ ಒಬ್ಬರು. 1877ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಉಸ್ಮಾನೀ ಜಾರ್ಜಿಯಾದ ಬಗ್ಗೆ ಬರೆದ ಲೇಖನದಲ್ಲಿ ಅವರು ಒಂದು ಜನಾಂಗವನ್ನು ಹಿಡಿದಿಡುವುದು ಧರ್ಮಕ್ಕಿಂತ ಹೆಚ್ಚಾಗಿ ಒಟ್ಟಿಗೆ ಬದುಕಿದ ಚರಿತ್ರೆ ಎಂದು ವಾದಿಸಿದರು. ಮುಸ್ಲಿಮ್ ಸಹೋದರರು ಮರಳಿ ಸೇರಿದರೆ ಅವರ ವಿಶ್ವಾಸಕ್ಕೆ ಕೈಹಾಕುವ ಪ್ರಶ್ನೆಯೇ ಇಲ್ಲ ಎಂಬುದು ಅದರ ತಾತ್ಪರ್ಯ. ಅವರನ್ನು ಜಾರ್ಜಿಯಾದ ಚರ್ಚ್ ಮುಂದೆ ಸಂತರ ಪಟ್ಟಿಗೆ ಸೇರಿಸಿತು. ಆ ಲೇಖನವನ್ನು ಎಷ್ಟು ಪಾದ್ರಿಗಳು ಓದಿದ್ದಾರೋ ಗೊತ್ತಿಲ್ಲ.

ಮುಸ್ಲಿಮರ ಕಡೆಯಿಂದ ಅದೇ ಮಾತನ್ನು ಬದುಕಿ ತೋರಿಸಿದವರು ಮೆಮೆದ್ ಅಬಶೀದ್ಜೆ. 1873ರಲ್ಲಿ ಹುಟ್ಟಿದವರು, ಬೇಗ್‌ಗಳ ಮನೆತನದವರು, ಕವಿ. ಮೊದಲ ಮಹಾಯುದ್ಧದ ಕೊನೆಗೆ ಬಟೂಮಿ ಚೆಂಡಿನಂತೆ ಕೈಯಿಂದ ಕೈಗೆ ಹಾರುತ್ತಿತ್ತು. 1918ರ ಏಪ್ರಿಲ್‌ನಲ್ಲಿ ಉಸ್ಮಾನೀ ಸೇನೆ, ಡಿಸೆಂಬರ್‌ನಲ್ಲಿ ಬ್ರಿಟಿಷರು, 1920ರ ಜುಲೈಯಲ್ಲಿ ಸ್ವತಂತ್ರ ಜಾರ್ಜಿಯಾ, 1921ರ ಮಾರ್ಚ್‌ನಲ್ಲಿ ಕೆಲವು ದಿನ ಮತ್ತೆ ತುರ್ಕರು, ಅದೇ ತಿಂಗಳಲ್ಲಿ ಕೆಂಪು ಸೇನೆ. ಈ ಗೊಂದಲದ ನಡುವೆ ಅಬಶೀದ್ಜೆ ಮುಸ್ಲಿಮ್ ಜಾರ್ಜಿಯಾದ ವಿಮೋಚನಾ ಸಮಿತಿಯನ್ನು ಕಟ್ಟಿ, ನಾವು ಮುಸ್ಲಿಮರು, ನಾವು ಜಾರ್ಜಿಯನ್ನರು, ನಮಗೆ ಜಾರ್ಜಿಯಾದೊಳಗೆ ಸ್ವಾಯತ್ತತೆ ಬೇಕು ಎಂದು ಹೋರಾಡಿದರು. ಇಸ್ತಂಬೂಲಿನ ಪಕ್ಷಪಾತಿಗಳಿಗೆ ಅವರು ದ್ರೋಹಿಯಾಗಿ ಕಂಡರು. ಸ್ಟಾಲಿನ್ನನ ಪೊಲೀಸರಿಗೂ ದ್ರೋಹಿಯಾಗಿಯೇ ಕಂಡರು. 1937ರಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಅವರು ಕೇಳಿದ ಸ್ವಾಯತ್ತತೆ ಮಾತ್ರ ವಿಚಿತ್ರ ರೀತಿಯಲ್ಲಿ ಸಿಕ್ಕಿತು. 1921ರ ಜುಲೈ 16ರಂದು ಅಜಾರಾ ಸ್ವಾಯತ್ತ ಸೋವಿಯೆತ್ ಗಣರಾಜ್ಯವಾಯಿತು. ಅಕ್ಟೋಬರ್ 13ರ ಕಾರ್ಸ್ ಒಪ್ಪಂದದ ಆರನೆಯ ವಿಧಿಯಲ್ಲಿ ಟರ್ಕಿ ಒಂದು ಷರತ್ತು ಹಾಕಿತು. ಬಟೂಮಿಯ ಮೇಲಿನ ಹಕ್ಕನ್ನು ಬಿಟ್ಟುಕೊಡುತ್ತೇವೆ, ಆದರೆ ಇಲ್ಲಿನ ಜನರಿಗೆ ವಿಶಾಲ ಸ್ವಾಯತ್ತತೆ, ಸಾಂಸ್ಕೃತಿಕ ಮತ್ತು ಧಾರ್ಮಿಕ ಹಕ್ಕುಗಳ ಭರವಸೆ ಇರಬೇಕು. ಹೀಗೆ ದೇವರಿಲ್ಲವೆಂದು ಸಾರುವ ರಾಜ್ಯವೊಂದು ಒಂದು ಧರ್ಮದವರಿದ್ದಾರೆ ಎಂಬ ಕಾರಣಕ್ಕೆ ಪ್ರಾಂತವೊಂದನ್ನು ಸೃಷ್ಟಿಸಿತು! ಹಕ್ಕು ಕಾಗದದಲ್ಲಿ ಉಳಿಯಿತು. 1929ರಲ್ಲಿ ಸಾಮೂಹಿಕ ಬೇಸಾಯ, ಮದ್ರಸಗಳಿಗೆ ಬೀಗ, ಹೆಂಗಸರ ಪರದೆ ತೆಗೆಸುವ ಅಭಿಯಾನ ಒಟ್ಟಿಗೆ ಬಂದಾಗ ಖುಲೋ ಬೆಟ್ಟಗಳ ರೈತರು ದಂಗೆ ಎದ್ದರು, ಸೇನೆ ಅದನ್ನು ಅಡಗಿಸಿತು. 1926ರ ಜನಗಣತಿಯಲ್ಲಿ 'ಅಜಾರಿಯನ್' ಎಂಬ ಪ್ರತ್ಯೇಕ ಕಾಲಂ ಇತ್ತು. ಮುಂದಿನ ಗಣತಿಯ ಹೊತ್ತಿಗೆ ಅದು ಮಾಯ. ಎಲ್ಲರೂ ಜಾರ್ಜಿಯನ್ನರೇ. ಐವತ್ತು ವರ್ಷ ಹಿಂದೆ ಕೊಡದಿದ್ದ ಹೆಸರನ್ನು ಈಗ ಕಡ್ಡಾಯವಾಗಿ ಕೊಟ್ಟಿದ್ದರು, ಇನ್ನೊಂದು ಹೆಸರನ್ನು ಕಿತ್ತುಕೊಂಡು.

ಇಂದಿನ ಬಟೂಮಿ

ಈಗಿನ ಬಟೂಮಿಗೆ ಬಂದಿಳಿದವರಿಗೆ ಇದಾವುದೂ ಕಣ್ಣಿಗೆ ಬೀಳುವುದಿಲ್ಲ. ಸಮುದ್ರದ ಉದ್ದಕ್ಕೂ ಗಾಜಿನ ಗೋಪುರಗಳು, ಜಾರ್ಜಿಯನ್ ಲಿಪಿಯ 33 ಅಕ್ಷರಗಳನ್ನು ಸುರುಳಿಯಾಗಿ ಸುತ್ತಿಕೊಂಡ 130 ಮೀಟರ್ ಎತ್ತರದ ಸ್ತಂಭ, ಚೌಕದಲ್ಲಿ ಚಿನ್ನದ ಉಣ್ಣೆ ಹಿಡಿದ ಮೆಡಿಯಾ. ಭಾರತದಿಂದ ವೈದ್ಯಕೀಯ ಓದಲು ಬಂದ ಹುಡುಗ ಹುಡುಗಿಯರೂ ಬೀದಿಗಳಲ್ಲಿ ಸಿಗುತ್ತಾರೆ. 1991ರಿಂದ 2004ರವರೆಗೆ ಇದನ್ನು ಆಳಿದವರು ಮೆಮೆದ್ ಅವರ ಮೊಮ್ಮಗ ಅಸ್ಲಾನ್ ಅಬಶೀದ್ಜೆ. ಅಬ್ಖಾಝಿಯಾ ಹೊತ್ತಿ ಉರಿಯುತ್ತಿದ್ದಾಗ ಅಜಾರಾದಲ್ಲಿ ರಕ್ತ ಹರಿಯದಂತೆ ನೋಡಿಕೊಂಡರು ಎಂಬುದು ಅವರ ಹೆಚ್ಚುಗಾರಿಕೆ, ಪ್ರಾಂತವನ್ನು ಮನೆಯ ಆಸ್ತಿಯಂತೆ ನಡೆಸಿದರು ಎಂಬುದೂ ಅಷ್ಟೇ ನಿಜ. 2004ರ ಮೇ ತಿಂಗಳಲ್ಲಿ ಚೋಲೋಕಿ ನದಿಯ ಸೇತುವೆಗಳನ್ನು ಸಿಡಿಸಿ, ಕೊನೆಗೆ ಮಾಸ್ಕೋಗೆ ಪಲಾಯನ ಮಾಡಿದರು.

ಕಡಲ ದಂಡೆಯಲ್ಲಿ ಲೋಹದ ಎರಡು ಪ್ರತಿಮೆಗಳಿವೆ, ತಮಾರಾ ಕ್ವೆಸಿತಾದ್ಜೆ ಎಂಬ ಕಲಾವಿದೆಯ ಕೆಲಸ. ಒಂದು ಅಲಿ, ಒಂದು ನೀನೋ. ಸಂಜೆಯಾದರೆ ಅವು ನಿಧಾನವಾಗಿ ಚಲಿಸಿ, ಹತ್ತಿರ ಬಂದು, ಒಂದರೊಳಗೊಂದು ಹಾದು, ಬೆನ್ನು ತಿರುಗಿಸಿ ದೂರವಾಗುತ್ತವೆ. 1937ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾದ ಒಂದು ಕಾದಂಬರಿಯ ಪಾತ್ರಗಳು ಇವು. ಅಲಿ ಬಾಕುವಿನ ಮುಸ್ಲಿಮ್, ನೀನೋ ಕ್ರೈಸ್ತ ಜಾರ್ಜಿಯನ್. ಪ್ರವಾಸಿಗರು ಮುಗಿಬಿದ್ದು ಫೋಟೋ ತೆಗೆಯುತ್ತಾರೆ. ಮುಸ್ಲಿಮನೂ ಜಾರ್ಜಿಯನ್ನನೂ ಎರಡು ಬೇರೆ ದೇಹಗಳಾಗಿರುವ ಈ ಕತೆಯನ್ನು ಆ ಎರಡೂ ಒಂದೇ ದೇಹದಲ್ಲಿರುವ ಜನರ ಊರಿನಲ್ಲಿ ನಿಲ್ಲಿಸಿದ್ದು ನನಗೆ ಸ್ವಲ್ಪ ವಿಚಿತ್ರವಾಗಿಯೇ ತೋರುತ್ತದೆ.

ಅಲ್ಲಿಂದ ಹಳೆಯ ಬೀದಿಗಳಿಗೆ ತಿರುಗಿದರೆ ಓರ್ತಾ ಜಾಮೆ ಸಿಗುತ್ತದೆ. ಓರ್ತಾ ಎಂದರೆ ನಡುವಿನದು. ಊರಿನಲ್ಲಿ ಇದ್ದ ಬೇರೆ ಮಸೀದಿಗಳ ನಡುವಿನದು. 1866ರಲ್ಲಿ ಖಿಮ್‌ಶಿಯಾಶ್ವಿಲಿ ಮನೆತನದವರು ಕಟ್ಟಿಸಿದ್ದು. ಈ ಮನೆತನದ ಸಲೀಮ್ ಪಾಶಾನನ್ನು 1815ರಲ್ಲಿ ಸುಲ್ತಾನರ ಸೇನೆ ದಂಗೆಕೋರನೆಂದು ಶಿರಚ್ಛೇದ ಮಾಡಿತ್ತು, ಮೊಮ್ಮಗ ಶರೀಫ್ ಬೇಗ್ 1877-78ರಲ್ಲಿ ರಷ್ಯದ ಕಡೆ ಸೇರಿದ್ದ. ಆಚೀಚಿನ ಮಸೀದಿಗಳು ಈಗ ಇಲ್ಲ, ನಡುವಿನದೊಂದೇ ಉಳಿದಿದೆ. 1930ರ ದಶಕದಲ್ಲಿ ಇದನ್ನೂ ಮುಚ್ಚಿ ಗೋದಾಮು ಮಾಡಿದ್ದರು. ಎರಡನೆಯ ಮಹಾಯುದ್ಧದ ನಂತರ ಮತ್ತೆ ತೆರೆಯಿತು.

ಜುಮಾದ ದಿನ ಜನ ಒಳಗೆ ಹಿಡಿಯುವುದಿಲ್ಲ. ಅಂಗಳ ತುಂಬಿ ಸಫ್‌ಗಳು ರಸ್ತೆಗೆ ಬರುತ್ತವೆ. ಬಟೂಮಿಯಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಸಾವಿರ ಮಿಲಿಮೀಟರ್ ಮಳೆ. ಒಂದು ಮಸೀದಿ ಸಾಲದು, ಇನ್ನೊಂದಕ್ಕೆ ಅನುಮತಿ ಕೊಡಿ ಎಂದು ಜನ ಕೇಳಿದ್ದು ನಿನ್ನೆ ಮೊನ್ನೆಯಲ್ಲ. ಹಳೆಯ ಅಝೀಝಿಯಾ ಮಸೀದಿಯನ್ನು ಮತ್ತೆ ಕಟ್ಟುವುದು, ಬದಲಿಗೆ ಟರ್ಕಿಯಲ್ಲಿರುವ ಪುರಾತನ ಜಾರ್ಜಿಯನ್ ಚರ್ಚುಗಳನ್ನು ದುರಸ್ತಿ ಮಾಡುವುದು ಎಂದು ಎರಡು ಸರಕಾರಗಳ ನಡುವೆ ಮಾತುಕತೆ ನಡೆಯಿತು. ಚರ್ಚಿನ ಬೆಂಬಲಿಗರು ಬೀದಿಗಿಳಿದರು. ತಮ್ಮದೇ ದೇಶದ ನಾಗರಿಕರ ನಮಾಝಿನ ಜಾಗ ವಿದೇಶಾಂಗ ವ್ಯವಹಾರವಾದದ್ದೇ ಮೊದಲ ತಪ್ಪು ಎನ್ನಬೇಕು. ಕೊನೆಗೆ ಸ್ಥಳೀಯ ಮುಸ್ಲಿಮರು ತಾವೇ ಹಣ ಕೂಡಿಸಿ ಜಾಗ ಕೊಂಡು 2017ರಲ್ಲಿ ನಗರಾಡಳಿತಕ್ಕೆ ಅರ್ಜಿ ಹಾಕಿದರು. ವಸತಿ ವಲಯವೆಂಬ ಕಾರಣ ಹೇಳಿ ಅದನ್ನು ತಿರಸ್ಕರಿಸಲಾಯಿತು. ಅದೇ ರೀತಿಯ ವಲಯದಲ್ಲಿ ಚರ್ಚುಗಳಿಗೆ ಅನುಮತಿ ಸಿಕ್ಕಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಬಟೂಮಿ ನಗರ ನ್ಯಾಯಾಲಯ ಈ ತಿರಸ್ಕಾರ ತಾರತಮ್ಯದಿಂದ ಕೂಡಿದ್ದು ಎಂದು ತೀರ್ಪಿತ್ತಿತು. ಆದರೆ ಅನುಮತಿ ಕೊಡಿ ಎಂದು ಆಜ್ಞಾಪಿಸಲಿಲ್ಲ, ಮತ್ತೊಮ್ಮೆ ಪರಿಶೀಲಿಸಿ ಎಂದಷ್ಟೇ ಹೇಳಿತು. ಕೊಂಡ ಜಾಗದಲ್ಲಿ ಜನರು ಮರದ ಚಪ್ಪರ ಹಾಕಿ ನಮಾಝ್ ಮಾಡಿದರು.

ಈ ನಡುವೆ ಕ್ಯಾಸಿನೋಗಳಿಗೆ ಯಾವ ವಲಯದ ತೊಡಕೂ ಬರಲಿಲ್ಲ. ಟರ್ಕಿಯಲ್ಲಿ 1998ರಲ್ಲಿ ಜೂಜುಕಟ್ಟೆಗಳನ್ನು ನಿಷೇಧಿಸಿದ ಮೇಲೆ ಅಲ್ಲಿನ ಜೂಜುಕೋರರಿಗೆ ಬಟೂಮಿ ಹತ್ತಿರದ ಊರಾಯಿತು. ಸಾರ್ಪಿಯ ಗಡಿ ದಾಟಿ ವಾರಾಂತ್ಯಕ್ಕೆ ಬರುವವರಲ್ಲಿ ಮುಹಾಜಿರರ ಮೊಮ್ಮಕ್ಕಳು ಎಷ್ಟೋ, ಇವರು ಎಷ್ಟೋ.

ಬೆಟ್ಟದ ದಾರಿ

ಬಟೂಮಿಯಿಂದ ಒಳನಾಡಿಗೆ ಅಚಾರಿಸ್‌ತ್ಸ್‌ಕಾಲಿ, ಅಂದರೆ ಅಜಾರಾದ ನೀರು, ಎಂಬ ನದಿಯ ಗುಂಟ ರಸ್ತೆ ಏರುತ್ತದೆ. ಮಖುಂತ್ಸೇತಿಯಲ್ಲಿ ರಾಣಿ ತಮಾರಳ ಕಾಲದ್ದೆಂದು ಹೇಳುವ ಕಲ್ಲುಕಮಾನಿನ ಸೇತುವೆ, ಪಕ್ಕದಲ್ಲೇ ಜಲಪಾತ. ಕೇಡಾ, ಶುವಾಖೇವಿ ದಾಟಿ ಸುಮಾರು ಎಂಬತ್ತು ಕಿಲೋಮೀಟರಿಗೆ ಖುಲೋ. ಇಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮುಸ್ಲಿಮರು.

ಈ ಕಣಿವೆಗಳ ಮರದ ಮಸೀದಿಗಳನ್ನು ನೋಡಲೆಂದೇ ಇಲ್ಲಿಗೆ ಬರಬೇಕು. ಹೊರಗಿನಿಂದ ನೋಡಿದರೆ ದೊಡ್ಡ ರೈತನ ಮನೆ, ಇಲ್ಲವೇ ಹುಲ್ಲಿನ ಕಣಜ. ತಗಡಿನ ಮಾಡು, ಹಲಗೆಯ ಗೋಡೆ, ಎಷ್ಟೋ ಕಡೆ ಮಿನಾರವೇ ಇಲ್ಲ. ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಉಸಿರು ನಿಲ್ಲುತ್ತದೆ. ಮಿಹ್ರಾಬ್, ಮಿಂಬರ್, ಕಂಬ, ಮಹಡಿಯ ಕಟಾಂಜನ, ಮೇಲಿನ ಸಣ್ಣ ಗುಮ್ಮಟ, ಎಲ್ಲವೂ ಮರ, ಎಲ್ಲದರ ಮೇಲೂ ಕೆತ್ತನೆ. ಬಳ್ಳಿ, ಎಲೆ, ನಕ್ಷತ್ರ. ಕೆಂಪು, ಹಸಿರು, ನೀಲಿ ಬಣ್ಣಗಳು. ಬಹಳಷ್ಟು ಹತ್ತೊಂಬತ್ತನೆಯ ಶತಮಾನ ಮತ್ತು ಇಪ್ಪತ್ತನೆಯದರ ಆರಂಭದವು. ಕೇಡಾ ತಾಲೂಕಿನ ಅಖೋ, ಖುಲೋದ ಮೇಲಿನ ಘೋರ್ಜೋಮಿಯ ಮಸೀದಿಗಳು ಹೆಸರಾದವು. ಮನೆ ಕಟ್ಟುವ ಬಡಗಿಗಳೇ ಇವನ್ನು ಕಟ್ಟಿದ್ದರಿಂದ ಅವು ಮನೆಯಂತೆಯೇ ಇವೆ. ಆ ಕಾರಣದಿಂದಲೇ ಬದುಕಿಕೊಂಡವು ಎಂದರೂ ಸರಿ. ಸೋವಿಯೆತ್ ಕಾಲದಲ್ಲಿ ಇವುಗಳನ್ನು ಧಾನ್ಯದ ಗೋದಾಮು, ಕ್ಲಬ್ಬು ಮಾಡುವುದು ಸುಲಭವಾಗಿತ್ತು. ಕೆಡವುವ ಅಗತ್ಯ ಬೀಳಲಿಲ್ಲ. ಈಗ ಅವಕ್ಕೆ ಇರುವ ಅಪಾಯ ಬೇರೆ. ಊರಿನಲ್ಲಿ ಸ್ವಲ್ಪ ದುಡ್ಡು ಕೂಡಿತೆಂದರೆ ಹಳೆಯ ಮರವನ್ನು ಕಿತ್ತು ಕಾಂಕ್ರೀಟು ಹಾಕುತ್ತಾರೆ. ದೂರುವುದು ಹೇಗೆ? ಛಾವಣಿ ಸೋರುವುದು ಅವರ ತಲೆಯ ಮೇಲೆ.

1990ರ ಸುಮಾರಿಗೆ ಜಾರ್ಜಿಯನ್ ರಾಷ್ಟ್ರೀಯತೆಯ ಅಲೆ ಎದ್ದಾಗ ಖುಲೋದಲ್ಲೂ ಸಾಮೂಹಿಕ ದೀಕ್ಷಾಸ್ನಾನಗಳು ನಡೆದವು. ಪೂರ್ವಜರ ಧರ್ಮಕ್ಕೆ ಮರಳುವುದು ಎಂದು ಅದಕ್ಕೆ ಹೆಸರು. ತಂದೆ ಮಸೀದಿಗೆ, ಮಗ ಚರ್ಚಿಗೆ ಹೋಗುವ ಮನೆಗಳು ಇಲ್ಲಿ ಅಪರೂಪವಲ್ಲ. ಊಟದ ಮೇಜು ಒಂದೇ, ಜಗಳವೂ ಅಲ್ಲೇ. ಹೊರಗಿನಿಂದ ಬಂದವರಿಗೆ ಇದು ಸೌಹಾರ್ದದ ಚಿತ್ರ. ಮನೆಯ ತಾಯಿಯನ್ನು ಕೇಳಿದರೆ ಬೇರೆ ಉತ್ತರ ಬರಬಹುದು.

ಖುಲೋದ ಆಚೆಗೆ ರಸ್ತೆ 2,025 ಮೀಟರ್ ಎತ್ತರದ ಗೋದೆರ್ದ್ಜಿ ಕಣಿವೆಬಾಗಿಲನ್ನು ಹತ್ತುತ್ತದೆ. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿಹೋಗುವ ದಾರಿ. ಅದನ್ನಿಳಿದರೆ ಅದಿಗೇನಿ. ಇಲ್ಲಿಗೆ ಅಜಾರಾ ಮುಗಿಯಿತು. ಈ ಬಯಲಿನ ಹಳ್ಳಿಗಳಲ್ಲಿದ್ದ ಮುಸ್ಲಿಮರನ್ನು, ಮೆಸ್ಕೇತಿಯನ್ ತುರ್ಕರು ಎಂದು ಕರೆಯುವ ಸುಮಾರು ತೊಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು, 1944ರ ನವೆಂಬರ್‌ನಲ್ಲಿ ಸ್ಟಾಲಿನ್ ರೈಲಿನ ಡಬ್ಬಿಗಳಲ್ಲಿ ತುಂಬಿಸಿ ಮಧ್ಯ ಏಷ್ಯಾಕ್ಕೆ ಸಾಗಿಸಿದ್ದ. ಖಾಲಿ ಮನೆಗಳಿಗೆ ಬೇರೆಯವರು ಬಂದರು. 1980ರ ದಶಕದಲ್ಲಿ ಅಜಾರಾದ ಬೆಟ್ಟಗಳಲ್ಲಿ ಭೂಕುಸಿತಗಳು ಹೆಚ್ಚಿ ಹಳ್ಳಿಗಳು ಕೊಚ್ಚಿಹೋದಾಗ ಅಲ್ಲಿನ ಕುಟುಂಬಗಳನ್ನೂ ಸರಕಾರ ಇಲ್ಲಿ ತಂದು ನೆಲೆಗೊಳಿಸಿತು. ಮುಸ್ಲಿಮರನ್ನು ಹೊರಹಾಕಿದ ನೆಲಕ್ಕೆ ಮತ್ತೆ ಮುಸ್ಲಿಮರು ಬಂದರು, ಈ ಸಲ ಮಣ್ಣು ಕುಸಿದದ್ದರಿಂದ.

ಅಂಥವರ ಒಂದು ಹಳ್ಳಿ ಚೇಲಾ. ಅಲ್ಲಿ ಮಸೀದಿಗೆ ಟರ್ಕಿಯಿಂದ ತರಿಸಿದ ಲೋಹದ ಮಿನಾರ ನಿಲ್ಲಿಸಿದ್ದರು. 2013ರ ಆಗಸ್ಟ್ 26ರಂದು ಅಧಿಕಾರಿಗಳು ಪೊಲೀಸರೊಂದಿಗೆ ಬಂದರು. ಲೋಹ ಆಮದು ಮಾಡಿದಾಗಿನ ಸುಂಕದ ಲೆಕ್ಕ ಪರಿಶೀಲಿಸಬೇಕಾಗಿದೆ ಎಂದರು. ಅಡ್ಡ ನಿಂತ ಹಲವರನ್ನು ಬಂಧಿಸಿದರು. ಕ್ರೇನಿನಿಂದ ಮಿನಾರವನ್ನು ಕಳಚಿ, ಲಾರಿಯ ಮೇಲೆ ಮಲಗಿಸಿ ತೆಗೆದುಕೊಂಡು ಹೋದರು. ದೇಶವಿದೇಶಗಳಲ್ಲಿ ಗದ್ದಲವಾಯಿತು. ಮೂರು ತಿಂಗಳು ಕಳೆದು ನವೆಂಬರ್ ಕೊನೆಗೆ ಅದೇ ಮಿನಾರವನ್ನು ವಾಪಸು ತಂದು ಮೊದಲಿದ್ದ ಜಾಗದಲ್ಲೇ ನಿಲ್ಲಿಸಲಾಯಿತು.